ಹಸಿರು ಚುಕ್ಕೆ

ತಾರಾಲಯದ ಕತ್ತಲಲ್ಲಿ ನಿರೂಪಕಿಯ ಲೇಸರ್ ಚುಕ್ಕೆ ಗುಮ್ಮಟದ ಕೆಂಪು ದೈತ್ಯ ನಕ್ಷತ್ರದ ಮೇಲೆ ನಿಂತಿತ್ತು. ಬಾಯಿಪಾಠವಾಗಿದ್ದ ಮಾತು ತಾನಾಗಿಯೇ ಹೊರಬರುತ್ತಿತ್ತು: "ಉರುವಲು ಮುಗಿದ ಕೂಡಲೇ ಇದರ ತಿರುಳು ಕಣ್ಣುಮುಚ್ಚಿ ತೆರೆಯೋದ್ರೊಳಗೆ ಕುಸಿಯುತ್ತೆ. ಆದ್ರೆ ಆ ಪೆಟ್ಟು ಮೇಲ್ಮೈಗೆ ಬಂದು ನಕ್ಷತ್ರ ಸಿಡಿಯೋಕೆ ಗಂಟೆಗಟ್ಟಲೆ ಬೇಕು. ಅಲ್ಲೀವರೆಗೂ ಹೊರಗಡೆ ಎಂದಿನ ಹಾಗೇ ಹೊಳೀತಿರುತ್ತೆ. ನೋಡೋರಿಗೆ ಏನೂ ಗೊತ್ತಾಗಲ್ಲ."

ಅವಳ ಎಡಗೈ ಜೇಬಿನೊಳಗಿನ ಮೌತ್ ಆರ್ಗನ್ನನ್ನು ಬಿಟ್ಟಿರಲಿಲ್ಲ. ಯಾರಿಗೂ ಮುಟ್ಟಲು ಕೊಡದಿದ್ದ ಅದನ್ನು ತಮ್ಮ ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೊಟ್ಟುಹೋಗಿದ್ದ. "ನೀನೇ ಇಟ್ಕೋ ಅಕ್ಕ, ನಂಗಿನ್ಯಾಕೆ?" ಎಂದು ನಕ್ಕಿದ್ದ. ಹೆಂಡತಿ ತೀರಿಕೊಂಡಾಗಿನಿಂದ ಮಂಕು ಬಡಿದವನಂತಿದ್ದವನು ಅಂತೂ ನಕ್ಕನಲ್ಲ ಎಂದು ಅವಳಿಗೆ ಹಾಯೆನಿಸಿತ್ತು.

"ಮೇಡಂ, ಹತ್ರದಲ್ಲೇ ಒಂದು ಸಿಡಿದ್ರೆ ನಮ್ ಗತಿ?" ಮುಂದಿನ ಸಾಲಿನಿಂದ ಯಾರೋ ಕೇಳಿದರು.

"ಓಝೋನ್ ಕವಚ ಹರಿದುಹೋಗುತ್ತೆ, ಎಷ್ಟೋ ಜೀವಗಳು ಉಳಿಯಲ್ಲ. ಹೆದರ್ಬೇಡಿ, ನಮಗೆ ಅಷ್ಟು ಹತ್ರದಲ್ಲಿ ಅಂಥದ್ದು ಯಾವುದೂ..."

ಪ್ರತಿ ಪ್ರದರ್ಶನದಲ್ಲೂ ಸಲೀಸಾಗಿ ಮುಗಿಯುತ್ತಿದ್ದ ವಾಕ್ಯವನ್ನು ಅವಳು ಅರ್ಧಕ್ಕೇ ಬಿಟ್ಟಳು; 'ನಂಗಿನ್ಯಾಕೆ?' ಎಂಬ ತಮ್ಮನ ಮಾತು ಈಗ ಬೇರೆಯೇ ಆಗಿ ಕೇಳಿಸಿತು. ಹಸಿರು ಚುಕ್ಕೆ ನಕ್ಷತ್ರದಿಂದ ಜಾರಿ, ಗುಮ್ಮಟವಿಳಿದು, ಹೊರಬಾಗಿಲ ಮೇಲೆ ಬಂದು ಬಿತ್ತು. ಅವಳು ಆಗಲೇ ಅದರತ್ತ ಓಡುತ್ತಿದ್ದಳು.