ಕೊರಳ ಮಣಿಯ ಬಣ್ಣ

ಎಲ್ಲರ ಕೊರಳಲ್ಲೂ ಇರುವಂತೆ ನೀಲವ್ವನ ಗಂಡ ಚನ್ನಬಸಪ್ಪನ ಕೊರಳಲ್ಲೂ ಮಣಿಯಿತ್ತು. ‘ಲವ್ ಯೂ’ ಎಂದರೆ ಸಾಕು, ಸಂಗಾತಿಯ ಮೇಲಿನ ಪ್ರೀತಿಗೆ ಕೆಂಪು, ಮಕ್ಕಳ ಮೇಲಿನದಕ್ಕೆ ಹಳದಿ, ಊಟದ ಮೇಲಿನದಕ್ಕೆ ಹಸಿರು ಬೆಳಗುತ್ತಿತ್ತು. ವಿವಾಹ ವಾರ್ಷಿಕೋತ್ಸವದ ದಿನವಾದರೂ ಒಮ್ಮೆ ಕೆಂಪು ನೋಡಬೇಕೆಂದು ನೀಲವ್ವ ಬದನೆಕಾಯಿ ಎಣಗಾಯಿ ಮಾಡಿ ಬಡಿಸಿದಳು.

“ಲವ್ ಯೂ, ನೀಲಾ,” ಎಂದ ಚನ್ನಬಸಪ್ಪ, ರೊಟ್ಟಿ ಮುರಿಯುತ್ತ. ಮಣಿ ಹಚ್ಚಹಸಿರಾಯಿತು.

ನೀಲವ್ವ ತಾಟು ಕಸಿದುಕೊಂಡಳು. “ಈಗ ನನ್ನ ಮಾರಿ ನೋಡಿ ಹೇಳ್ರಿ.”

ಹೇಳಿದ. ಕಣ್ಣು ಮಾತ್ರ ತಾಟಿನ ಮೇಲೆಯೇ ಇತ್ತು. ಮಣಿ ಮತ್ತೂ ಹಸಿರಾಯಿತು.

“ನನಗ ಅಂತೀಯಲ್ಲ, ನೀ ಒಮ್ಮೆ ಹೇಳು ನೋಡೂಣು!”

“ಅದಕ್ಕೇನ್ರೀ, ಲವ್ ಯೂ!” ಎಂದಳು ನೀಲವ್ವ, ಧೈರ್ಯವಾಗಿ. ಅವಳ ಮಣಿ ಹಳದಿಯಾಗಿ ಬೆಳಗಿತು.

ನೀಲವ್ವ ಬಗ್ಗಿ ಅದನ್ನೇ ನೋಡಿಕೊಂಡಳು. ಆಮೇಲೆ ತಾಟನ್ನು ಅವನ ಮುಂದೆ ಸರಿಸಿ, ಇನ್ನೊಂದು ಬದನೆಕಾಯಿ ಹಾಕಿ ಹೇಳಿದಳು: “ಅಳಬ್ಯಾಡೋ ಕೂಸ, ಉಣ್ಣು.”