ಮೊದಲ ಉಂಗುರ

ಪರದೆಯ ಮೇಲೆ ಹುಲಿಗೆಮ್ಮನ ಹೃದಯ ಮೂಡಿತು. ಎಲ್ಲರ ಹೃದಯದಂತೆ ಅದರಲ್ಲೂ, ಮರದ ಕಾಂಡದಲ್ಲಿರುವ ಹಾಗೆ, ವರ್ಷಕ್ಕೊಂದು ಉಂಗುರ. ನರ್ಸ್ ಶಾಹೀನಾ ಒಳಗಿನಿಂದ ಹೊರಕ್ಕೆ ಎಣಿಸಿದಳು.

“ಮೊದಲನೇದು ದಾರದೆಳಿಯಷ್ಟು ಸಣ್ಣ ಐತ್ರಿ. ಎರಡನೇದು ಒಮ್ಮೆಲೇ ದಪ್ಪ. ಅದಕ್ಕ ಈಗ ಬಿಪಿ, ಸಕ್ಕರಿ. ಕೂಸಿದ್ದಾಗ ಭಾಳ ಸೊರಗಿದ್ರೇನ್ರಿ?”

“ಹೂಂನವಾ. ಅವ್ವಗ ಹಾಲಿರಲಿಲ್ಲಂತ. ವರ್ಷ ತುಂಬೂದ್ರಾಗ ಆಕಿ ತೀರಿಕೊಂಡ್ಳು. ತಾಯಿಲ್ಲದ ಕೂಸು ಬಡಕಲಾತು ಅಂತ ಯಾರೂ ಅನಬಾರ್ದು ಅಂತ ಅಜ್ಜಿ ಬೆಣ್ಣಿ ತಿನಿಸಿ ತಿನಿಸಿ ಬೆಳೆಸಿದ್ಲು.”

“ಸಣ್ಣ ಉಂಗುರ ತುಂಬಿಸಿಬಿಡೋಣ್ರಿ. ಅರ್ಧ ತಾಸಿನ ಕೆಲಸ. ಹತ್ತು ವರ್ಷ ಹೆಚ್ಚಿಗಿ ಬದುಕ್ತೀರಿ.”

ಹುಲಿಗೆಮ್ಮ ಎದ್ದು ಪರದೆಯ ಬಳಿ ಹೋದಳು. ಅವ್ವನ ಒಂದು ಫೋಟೊ ಕೂಡ ಅವಳ ಮನೆಯಲ್ಲಿರಲಿಲ್ಲ. ಆ ತೆಳ್ಳನೆಯ ಗೆರೆಯನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

“ಬ್ಯಾಡವಾ, ಇದನ್ನ ಮುಟ್ಟಬ್ಯಾಡ. ಅವ್ವ ನನ್ನ ಜೋಡಿ ಇದ್ದದ್ದು ಇದೊಂದ ವರ್ಷ.”