ಸೊನ್ನೆಯ ತಗಡು

ಕತ್ತರಿಸುವ ಯಂತ್ರಕ್ಕೆ ಸಿಕ್ಕಿದ ಕೈಗೆ ಡೆಲ್ಮರ್ ತಮ್ಮ ಕಾರ್ಖಾನೆಯ ಕಾಗದದ ನ್ಯಾಪ್‌ಕಿನ್ನುಗಳನ್ನೇ ಸುತ್ತಿಕೊಂಡಿದ್ದ. ಅಷ್ಟೂ ಪದರ ದಾಟಿ ರಕ್ತ ಹೊರಬಂದಿತ್ತು.

"ಮನೇಲಿ ಕೊಯ್ಕೊಂಡೆ ಅಂತ ಡಾಕ್ಟರಿಗೆ ಹೇಳ್ತೀನಿ ಬಿಡೇ ಲೋರ್ನಾ. ಅಪಘಾತ ಇಲ್ದೆ ನಾನೂರ ಹನ್ನೆರಡು ದಿನ ಆಗಿದೆ. ಇದನ್ನ ಬರೆದ್ರೆ ವಿಮೆ ಕಂತು ಏರುತ್ತೆ, ಮಾಲೀಕ ನಮ್ಮ ಪಾಳೀನೇ ಮುಚ್ತಾನೆ."

"ಬೆರಳು ಮಡಚು, ನೋಡೋಣ," ಎಂದಳು ಪಾಳಿಯ ಮೇಲ್ವಿಚಾರಕಿ ಲೋರ್ನಾ.

ಬೆರಳು ಮಡಚಲು ಆಗಲಿಲ್ಲ. ಅವನು ನಕ್ಕ. "ಹೆಬ್ಬೆರಳು ನೆಟ್ಟಗಿದೆಯಲ್ಲ, ಬಿಯರ್ ಹಿಡಿಯೋಕೆ ಸಾಕು."

ಮನೆಯಲ್ಲಾದ ಗಾಯಕ್ಕೆ ಕಾರ್ಖಾನೆಯ ವಿಮೆಯವರು ಬಿಡಿಗಾಸೂ ಕೊಡುವುದಿಲ್ಲ. ಅದನ್ನು ಬಿಡಿಸಿ ಹೇಳುವ ತ್ರಾಣ ಲೋರ್ನಾಳಿಗೆ ಇರಲಿಲ್ಲ. ಕುರ್ಚಿ ಎಳೆದು, ನೋಯುವ ಮಂಡಿ ಹಿಡಿದುಕೊಂಡೇ ಹತ್ತಿ, ಅಪಘಾತವಿಲ್ಲದ ದಿನಗಳ ಲೆಕ್ಕ ತೋರಿಸುವ ಗೋಡೆಯ ಫಲಕದಿಂದ ಮೂರೂ ಅಂಕಿಗಳ ತಗಡು ಬಿಡಿಸಿದಳು. ಯಂತ್ರಗಳ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಸೊನ್ನೆಯ ತಗಡಿಗೆ ಧೂಳು ಹಿಡಿದಿತ್ತು. ತೋಳಿನಿಂದ ಒರೆಸಿ ತೂಗುಹಾಕಿದಳು.